ಹದಿನೆಂಟೋ ಇಪ್ಪತ್ನಾಲ್ಕೋ ಎನ್ನುತ್ತ ಕಳೆದ ಮಳೆಗಾಲ

ಮೊನ್ನೆ ಕಣ್ಣಿನ ಡಾಕ್ಟರರಲ್ಲಿಗೆ ಹೋಗಿ ಬರುವಾಗ ನಮ್ಮ ರಿಕ್ಷಾ ಠಾಣೆಯ ಮಾಜಿವಾಡಾದ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿತು. ಸೇತುವೆಯ ಪಕ್ಕದ ಇಳಿಜಾರಿನಲ್ಲಿ ಒಬ್ಬ ಯಂತ್ರ ಹಿಡಿದುಕೊಂಡು, ಮಳೆಗೆ ಮೊಣಕಾಲೆತ್ತರ ಬೆಳೆದ ಹುಲ್ಲು ಕತ್ತರಿಸುತ್ತಿದ್ದ. ಹಸಿ ಹುಲ್ಲಿನ ವಾಸನೆ, ಅದರ ಜೊತೆಗೆ ಸುಟ್ಟ ಎಣ್ಣೆಯ ಹೊಗೆ. ನನ್ನ ಎಡಗಾಲಿನ ಗಂಟು ತಾನಾಗಿಯೇ ಬಿಗಿಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ವಾರಿಜ, "ನಮ್ಮ ಗುಡ್ಡದ್ದೇ ವಾಸನೆ" ಅಂದಳು. ಮೂರು ವರ್ಷದ ಹಿಂದಿನ ಆ ಮಳೆಗಾಲವನ್ನು ಅವಳು ಒಂದು ರೀತಿಯಲ್ಲಿ ನೆನೆಯುತ್ತಾಳೆ, ನಾನು ಇನ್ನೊಂದು ರೀತಿಯಲ್ಲಿ.

ಉಡುಪಿ ಕಡೆಯಿಂದ ಮುಂಬೈಗೆ ಬಂದ ನಮ್ಮವರು ಹೆಚ್ಚಿನವರು ಹೋಟೆಲಿಗೆ ಸೇರಿದರು, ನಾನು ರೈಲಿಗೆ ಸೇರಿದೆ. ಮೂವತ್ತು ವರ್ಷ ಲೋಕಲ್ ಗಾಡಿಯ ಮೋಟರ್‌ಮನ್. ಹನ್ನೆರಡು ಡಬ್ಬಿ, ಒಳಗೆ ಸಾವಿರಾರು ಜನ, ಬಾಗಿಲಲ್ಲಿ ನೇತಾಡುವವರು ಬೇರೆ. ಯಾವ ಸಿಗ್ನಲ್ಲಿಗೆ ಎಷ್ಟು ಮೊದಲು ಬ್ರೇಕ್ ಹಾಕಬೇಕೆಂದು ಕೈಗೇ ಗೊತ್ತಿತ್ತು. ತಲೆ ಓಡಿಸುವ ಅಗತ್ಯವೇ ಇರಲಿಲ್ಲ. ಮನೆಯ ವಿಷಯದಲ್ಲೂ ಹಾಗೆಯೇ ಇದ್ದೆ ಅನ್ನಬೇಕು. ಡ್ಯೂಟಿಯ ಹೊತ್ತಿಗೆ ಹೋಗುವುದು, ಬಂದು ಮಲಗುವುದು. ವಾರಿಜ ಬೇಸಾಯದ ಮನೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಅವಳ ಪಾಲಿನ ಮಣ್ಣೆಲ್ಲ ಗ್ಯಾಲರಿಯ ಆರೇಳು ಕುಂಡಗಳಲ್ಲಿ ಇತ್ತು.

ನಿವೃತ್ತಿಯಾದಾಗ ಕಲ್ಯಾಣದಿಂದಾಚೆ, ಮುರಬಾಡ್ ರಸ್ತೆಯಿಂದ ಸ್ವಲ್ಪ ಒಳಗೆ, ಎರಡೂವರೆ ಎಕರೆ ಗುಡ್ಡ ಕೊಂಡೆವು. ಊರಲ್ಲಿ ನನ್ನ ಹೆಸರಿಗೆ ತುಂಡು ಗದ್ದೆ ಇದ್ದುದರಿಂದ ಜಾಗ ಕೊಳ್ಳಲು ಬೇಕಾದ, ರೈತನೆಂಬ ಕಾಗದ ಸಿಕ್ಕಿತು. ಮೇಲಿನಿಂದ ಕೆಳಗಿನವರೆಗೆ ಜಾಗ ಇಳಿಜಾರು. ಮಳೆ ಬಂದರೆ ನಿಂತವರೂ ಜಾರಬೇಕು. ನಡುವೆ ಹಳೆಯ ಮಾವು ಒಂದಿಷ್ಟು, ಅಂಚಿಗೆ ಸಾಗುವಾನಿ. ತಗಡಿನ ಮಾಡಿನ ಒಂದು ಕೋಣೆ ಕಟ್ಟಿಸಿ, ವಾರದಲ್ಲಿ ನಾಲ್ಕು ದಿನ ಅಲ್ಲಿ, ಮೂರು ದಿನ ಡೊಂಬಿವಲಿಯಲ್ಲಿ ಎಂದು ಮಾಡಿಕೊಂಡೆವು.

ಪಕ್ಕದ ಜಾಗ ಠಾಣೆಯ ಒಬ್ಬ ಶೇಠ್‌ನದು. ಅವನು ವರ್ಷಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದ. ಕಾಯಲು ಇಟ್ಟದ್ದು ಶರಣಪ್ಪನನ್ನು. ಕಲಬುರಗಿ ಜಿಲ್ಲೆಯವನು, ಐವತ್ತರ ಹತ್ತಿರದ ವಯಸ್ಸು. ಊರಲ್ಲಿ ಇಪ್ಪತ್ತು ವರ್ಷ ಬೇರೆಯವರ ಟ್ರ್ಯಾಕ್ಟರ್ ಓಡಿಸಿ, ಆಮೇಲೆ ವಾಶಿಯ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು, ಸೊಂಟ ಹಿಡಿದುಕೊಂಡ ಮೇಲೆ ಈ ಕಾವಲಿಗೆ ಬಂದಿದ್ದ. ಅವನೂ ಅವನ ಹೆಂಡತಿ ನೀಲಮ್ಮನೂ ಬೇಲಿಯ ಆಚೆ ಒಂದು ಗುಡಿಸಲಿನಲ್ಲಿ ಇದ್ದರು. ಆ ಗುಡ್ಡದಲ್ಲಿ ಕನ್ನಡ ಮಾತಾಡುವ ಇನ್ನೊಂದು ಮನೆ ಸಿಕ್ಕಿತೆಂದು ಮೊದಲ ದಿನ ನನಗೂ ಖುಷಿಯೇ ಆಗಿತ್ತು.

ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು ಒಮ್ಮೆ ಉಳಬೇಕಿತ್ತು. ಶರಣಪ್ಪ ಹಳ್ಳಿಯಿಂದ ಯಾರದೋ ಟ್ರ್ಯಾಕ್ಟರ್ ಕೇಳಿ ತಂದ. ಕೆಳಗೆ ನಿಂತು ಗುಡ್ಡವನ್ನು ಒಮ್ಮೆ ನೋಡಿದ, ಬೀಡಿ ಆರಿಸಿದ, ಟ್ರ್ಯಾಕ್ಟರನ್ನು ತಿರುಗಿಸಿ ಹಿಮ್ಮುಖವಾಗಿ ಮೇಲಕ್ಕೆ ಹತ್ತಿಸಿದ! ಕತ್ತು ಹೊರಳಿಸಿ ಹಿಂದೆ ನೋಡುತ್ತ, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಗುಡ್ಡದ ತುದಿಯವರೆಗೆ.

"ಮುಂದ್ ಮಾಡಿ ಏರಿದ್ರ ಮೂತಿ ಎತ್ತಿ ಹಿಂದಕ್ಕ ಮಗಚ್ತದ್ರಿ. ಹಿಂದ್ ಮಾಡಿ ಏರಬೇಕು, ಮುಂದ್ ಮಾಡಿ ಇಳೀಬೇಕು," ಅಂದ ಇಳಿದು ಬಂದು.

ವಾರಿಜ ಚಪ್ಪಾಳೆ ತಟ್ಟಿಬಿಟ್ಟಳು. ನನ್ನ ಕಡೆ ತಿರುಗಿ, "ನಿಮ್ಮ ರೈಲು ಹೀಗೆ ಹಿಂದೆ ಹೋಗುತ್ತದಾ?" ಎಂದು ಕೇಳಿದಳು.

ನಗಲು ಕೇಳಿದ ಮಾತು. ಲೋಕಲ್ ಗಾಡಿ ಹಿಂದೆ ಹೋಗುವುದಿಲ್ಲ; ಕೊನೆಯ ಸ್ಟೇಷನ್ ಬಂದರೆ ನಾವೇ ಈ ತುದಿಯಿಂದ ಆ ತುದಿಗೆ ನಡೆದು ಹೋಗಿ ಕೂರುತ್ತೇವೆ. ಇದನ್ನು ಹೇಳಿದೆ ಕೂಡ. ಆದರೆ ಅವಳು ಆಗಲೇ ಉಳುಮೆಯ ಸಾಲಿನೊಳಕ್ಕೆ ಇಳಿದಾಗಿತ್ತು. ಮೂವತ್ತು ವರ್ಷದಲ್ಲಿ ನಾನು ಗಾಡಿ ಓಡಿಸುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ ಎಂದು ಆ ಹೊತ್ತಿಗೆ ಹೊಳೆಯಿತು. ಹೊಟ್ಟೆಯಲ್ಲಿ ಏನೋ ಚುರ್ರೆಂದದ್ದು ಅಂದೇ ಮೊದಲು.

ಸ್ವಂತದ ಟ್ರ್ಯಾಕ್ಟರ್ ಬೇಕೆಂದು ನಾನು ಹಟ ಹಿಡಿದದ್ದು ಅದರ ಮರುದಿನ.

ಸಣ್ಣ ಟ್ರ್ಯಾಕ್ಟರುಗಳಲ್ಲಿ ನಮ್ಮ ಜಾಗಕ್ಕೆ ಎರಡು ಹೊಂದುತ್ತಿದ್ದವು. ಒಂದು ಹದಿನೆಂಟು ಎಚ್‌ಪಿಯದು. ಹಗುರ, ಮೈ ಅಗಲ ಕಡಿಮೆ, ಮಾವಿನ ಮರಗಳ ನಡುವೆ ಸಲೀಸಾಗಿ ನುಗ್ಗುವಂಥದು, ಹಿಂದಿನ ಎರಡೇ ಚಕ್ರ ಎಳೆಯುವುದು. ಇನ್ನೊಂದು ಇಪ್ಪತ್ನಾಲ್ಕರದು, ನಾಲ್ಕೂ ಚಕ್ರ ಎಳೆಯುವುದು, ನೆಲಕ್ಕೆ ಹತ್ತಿರ ಕೂರುವಂಥದು. ಕಲ್ಯಾಣದ ಅಂಗಡಿಯಿಂದ ಎರಡರ ಕಾಗದವನ್ನೂ ತಂದೆ. ಮೊಬೈಲಿನಲ್ಲಿ ಹಿಮಾಚಲದ ಸೇಬಿನ ತೋಟದವರು, ಕೊಂಕಣದ ಗೋಡಂಬಿಯವರು ಮಾಡಿದ ವಿಡಿಯೋಗಳನ್ನೆಲ್ಲ ನೋಡಿದೆ. ಬೆಳಿಗ್ಗೆ ಇಪ್ಪತ್ನಾಲ್ಕೇ ಸರಿ ಅನಿಸುತ್ತಿತ್ತು, ಊಟವಾಗುವಷ್ಟರಲ್ಲಿ ಹದಿನೆಂಟು. ನವಿ ಮುಂಬೈಯಲ್ಲಿರುವ ಮಗಳಿಗೆ ಫೋನ್ ಮಾಡಿದರೆ ಅವಳು ತನ್ನ ಹಿಂದಿಯಲ್ಲಿ, "ಪಪ್ಪಾ, ಕೋಯಿ ಭೀ ಏಕ್ ಲೇ ಲೋ ನಾ" ಎಂದು, ಯಾವುದಾದರೂ ಒಂದು ತೆಗೆದುಕೊಳ್ಳಿ ಅಂತ ಕೈಬಿಟ್ಟಳು.

ಜೂನ್ ಇಡೀ ಹೀಗೆ ಹೋಯಿತು. ಮಳೆ ಹಿಡಿದು ಗುಡ್ಡದ ಮೈಯೆಲ್ಲ ಹಸಿರಾಯಿತು. ಕೊನೆಗೆ ನಾನೇ, ನನ್ನದೇ ಲೆಕ್ಕಾಚಾರದಿಂದ, ಇಪ್ಪತ್ನಾಲ್ಕರದನ್ನೇ ನಿಶ್ಚಯ ಮಾಡಿದೆ. ಇಳಿಜಾರಿಗೆ ನಾಲ್ಕು ಚಕ್ರದ ಹಿಡಿತ ಬೇಕೇ ಬೇಕು ಎಂದು ಮನಸ್ಸಿಗೆ ಖಚಿತವಾಗಿತ್ತು. ಮರುದಿನ ಬೆಳಿಗ್ಗೆ ವಾರಿಜಳಿಗೆ ಹೇಳೋಣವೆಂದು ಚಾ ಹಿಡಿದು ಹೊರಗೆ ಬಂದರೆ ಅವಳು ಬೇಲಿಯ ಹತ್ತಿರ ಶರಣಪ್ಪನೊಡನೆ ಮಾತಾಡುತ್ತಿದ್ದಳು.

"ಇಪ್ಪತ್ನಾಕರದ್ದ ತಗೋರಿ ಅಕ್ಕೋರ," ಅಂತಿದ್ದ ಅವನು. "ಸಣ್ಣದು ಸಪಾಟ ನೆಲಕ್ಕ ಛಲೋ. ಈ ಗುಡ್ಡಕ್ಕ ನಾಕೂ ಗಾಲಿ ಎಳೀಬೇಕ್ರಿ."

ವಾರಿಜ ನನ್ನನ್ನು ನೋಡಿದವಳೇ, "ಕೇಳಿದಿರಾ? ನೀವು ಇನ್ನು ತಲೆ ಕೆಡಿಸಿಕೊಳ್ಳುವುದು ಬೇಡ. ಶರಣಪ್ಪನವರು ಹೇಳಿದ ಮೇಲೆ ಮುಗಿಯಿತಲ್ಲ" ಅಂದಳು.

ನಾಲ್ಕು ವಾರ ಕೂತು ಕಂಡುಕೊಂಡದ್ದನ್ನು ಅವನು ಬೀಡಿ ಸೇದುತ್ತ ಹೇಳಿ ಮುಗಿಸಿದ್ದ. ನಾನು ಈಗ ಅದನ್ನೇ ಹೇಳಿದರೆ ಅದು ಅವನ ಮಾತಾಗುತ್ತದೆ. ಚಾ ಗುಟುಕರಿಸಿದೆ. "ನಾನು ಹದಿನೆಂಟರದ್ದು ಅಂತ ನಿಶ್ಚಯ ಮಾಡಿ ಆಯಿತು," ಅಂದೆ. "ಮರಗಳ ಎಡೆಗೆ ಅದೇ ಸರಿ. ಡೀಸೆಲ್ ಕೂಡ ಕಡಿಮೆ ಕುಡಿಯುತ್ತದೆ."

ಶರಣಪ್ಪ ನನ್ನ ಮುಖ ನೋಡಿದ. "ನಿಮ್ಮಿಷ್ಟ ಸಾಹೇಬ್ರ," ಅಂದ ಅಷ್ಟೇ.

ಟ್ರ್ಯಾಕ್ಟರ್ ಜುಲೈಯಲ್ಲಿ ಬಂತು. ಹೂವಿನ ಮಾಲೆ, ಕುಂಕುಮ, ತೆಂಗಿನಕಾಯಿ ಎಲ್ಲ ಆಯಿತು. ಶರಣಪ್ಪ ಸುತ್ತ ಬಂದು ಚಕ್ರಗಳನ್ನು ಮುಟ್ಟಿ ನೋಡಿದ. ಹಿಂದಿನ ಚಕ್ರಗಳನ್ನು ಬಿಚ್ಚಿ ತಿರುವಿ ಹಾಕಿದರೆ ನಿಲುವು ಅಗಲವಾಗುತ್ತದೆ, ಮೂತಿಗೆ ಭಾರ ಕಟ್ಟಿದರೆ ಒಳ್ಳೆಯದು ಎಂದು ಹೇಳಿದ. ಆಯಿತು ನೋಡುವ ಅಂದೆ, ಎರಡನ್ನೂ ಮಾಡಲಿಲ್ಲ. ಅವನು ಒಮ್ಮೆ ಓಡಿಸಿ ನೋಡಲೇ ಎಂದು ಕೇಳುವ ಮೊದಲೇ ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡೆ.

ಓದುವವರು ತಪ್ಪು ತಿಳಿಯಬಾರದು. ವಾರಿಜ, ಶರಣಪ್ಪ ಇಬ್ಬರ ಮೇಲೂ ನನಗೆ ಯಾವ ಅನುಮಾನವೂ ಇರಲಿಲ್ಲ. ನೀಲಮ್ಮ ನಮ್ಮ ಮನೆಗೆ ಜೋಳದ ರೊಟ್ಟಿ ಕಳಿಸುತ್ತಿದ್ದಳು, ವಾರಿಜ ಅವಳಿಗೆ ನೀರುದೋಸೆ ಕಲಿಸಿದ್ದಳು. ನನ್ನನ್ನು ಸುಡುತ್ತಿದ್ದದ್ದು ಸಣ್ಣ ಸಣ್ಣ ಸಂಗತಿ. ಮನೆಯಲ್ಲಿ ನಮ್ಮದು ತುಳು. ಒಂದು ದಿನ ಬಡಿಸುತ್ತ ವಾರಿಜ, ಶರಣಪ್ಪನ ಧಾಟಿಯಲ್ಲಿ, "ಹಾಂಗಲ್ರೀ, ಇನ್ನೊಂದೀಟು ಹಾಕಸ್ಕೋರಿ" ಅಂದು ತಾನೇ ನಕ್ಕಳು. ತಮಾಷೆಗೆ ಅಂದದ್ದೇ. ನಾನು ತಟ್ಟೆ ಸರಿಸಿದೆ. ಇಷ್ಟು ವರ್ಷದಲ್ಲಿ ನನ್ನಿಂದ ಅವಳು ಒಂದಾದರೂ ಹೊಸ ಮಾತು ಕಲಿತಿದ್ದಳೇ? ಅವನು ನಡೆದಲ್ಲಿ ನೀರು ನಿಲ್ಲದೆ ಹರಿಯುತ್ತಿತ್ತು, ಅವನು ನೆಟ್ಟ ಕಡ್ಡಿ ಚಿಗುರುತ್ತಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ನಾನು ನೆಟ್ಟದ್ದು ಕೊಳೆಯುತ್ತಿತ್ತು.

ಆಗಸ್ಟಿನಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಒಬ್ಬನೇ ಡೊಂಬಿವಲಿಗೆ ಹೋದವನು, ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಹಿಂದೆ ಬಂದೆ. ರಸ್ತೆಯಲ್ಲಿ ಇಳಿದು ಗುಡ್ಡ ಹತ್ತುವಾಗಲೇ ಇಂಜಿನ್ನಿನ ಸದ್ದು ಕೇಳಿತು. ಕೀಲಿಕೈಯನ್ನು ಅಂದು ಗುಡ್ಡದ ಕೋಣೆಯಲ್ಲೇ ಬಿಟ್ಟಿದ್ದೆ. ಮೇಲೆ ಬಂದು ನೋಡಿದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ವಾರಿಜ ಟ್ರ್ಯಾಕ್ಟರಿನ ಮೇಲೆ ಕೂತಿದ್ದಳು. ಇಳಿಜಾರಿನಲ್ಲಿ ನಿಧಾನ ಇಳಿಯುತ್ತಿದ್ದಳು. ಪಕ್ಕದಲ್ಲಿ ಶರಣಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಡೆಯುತ್ತಿದ್ದ.

"ಕ್ಲಚ್ ಮ್ಯಾಲಿಂದ ಕಾಲ ತಗೀರಿ ಅಕ್ಕೋರ! ಬ್ರೇಕ್ ನೆನಪೇ ಮಾಡ್ಕೋಬ್ಯಾಡ್ರಿ. ಸಣ್ಣ ಗೇರ್ ಅದ, ಇಂಜಿನ್ನೇ ಹಿಡೀತದ."

ಅವಳು ನನ್ನನ್ನು ಕಂಡಳು. "ಇಕೊಳ್ಳಿ, ನೋಡಿ, ನಾನೇ!" ಎಂದು ಕೂಗಿದಳು. ಆ ಮುಖದಲ್ಲಿ ಇದ್ದ ಬೆಳಕನ್ನು ನಾನು ಮದುವೆಯ ಹೊಸತರಲ್ಲಿಯೂ ಕಂಡ ನೆನಪಿಲ್ಲ.

"ಇಳಿ," ಅಂದೆ.

ಅವಳು ಇಂಜಿನ್ ಆರಿಸಿ ಇಳಿದಳು. ನಾನು ಶರಣಪ್ಪನ ಕಡೆ ತಿರುಗಿದೆ. "ನಿನ್ನನ್ನು ಇಟ್ಟದ್ದು ಬೇಲಿಯ ಆಚೆ ಕಾಯಲಿಕ್ಕೆ. ಈಚೆ ನಿನಗೆ ಎಂತ ಕೆಲಸ?"

"ಖರೆ ಅದ್ರಿ ಸಾಹೇಬ್ರ," ಅಂದು ಅವನು ಬೇಲಿ ದಾಟಿ ಹೋದ. ಆ ದಿನದಿಂದ ವಾರಿಜ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ಮೂರು ದಿನ ಒಳಗೊಳಗೇ ಕುದಿದು ಠಾಣೆಯ ಶೇಠ್‌ಗೆ ಫೋನ್ ಮಾಡಿದೆ. ಮಳೆ, ಬೇಲಿ, ಹಾವು ಎಂದು ಅದೂ ಇದೂ ಮಾತಾಡಿ, ನಡುವೆ, ನಿಮ್ಮ ವಾಚ್‌ಮನ್ ಹೆಚ್ಚಿನ ಹೊತ್ತು ನಿಮ್ಮ ಜಾಗದಲ್ಲಿ ಇರುವುದಿಲ್ಲ, ಬೇರೆಯವರ ಕೆಲಸ ಮಾಡಿಕೊಂಡಿರುತ್ತಾನೆ ಅಂದೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆ ಬೇರೆಯವರು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ.

ಹತ್ತು ದಿನದೊಳಗೆ ಬೇರೊಬ್ಬ ವಾಚ್‌ಮನ್ ಬಂದ. ಶರಣಪ್ಪ ಒಂದು ಟ್ರಂಕು, ಎರಡು ಗಂಟು ಹೊತ್ತುಕೊಂಡು ಇಳಿದುಹೋದ, ಹಿಂದೆ ನೀಲಮ್ಮ. ವಾರಿಜ ರಸ್ತೆಯವರೆಗೆ ಅವರೊಟ್ಟಿಗೆ ಹೋದಳು. ನಾನು ಒಳಗೆ ಕೂತು ಹದಿನೆಂಟರ ಟ್ರ್ಯಾಕ್ಟರಿನ ಪುಸ್ತಕ ಓದುತ್ತಿದ್ದೆ. ಗೆದ್ದೆ ಅನಿಸಬೇಕಿತ್ತು. ಒಂದೇ ಪುಟವನ್ನು ಎಷ್ಟೋ ಸಲ ಓದಿದೆ.

ಚೌತಿ ಕಳೆದ ಮೇಲೆ ನಾಲ್ಕು ದಿನ ಬಿಸಿಲು ಬಿತ್ತು. ಗುಡ್ಡದ ಮೇಲಿನ ಭಾಗದ ಹುಲ್ಲನ್ನು ಉತ್ತು ಮಣ್ಣಿಗೆ ಸೇರಿಸೋಣವೆಂದು ಟ್ರ್ಯಾಕ್ಟರ್ ಹತ್ತಿಸಿದೆ. ಹತ್ತುವುದೇನೋ ಹತ್ತಿತು. ಕೆಲಸ ಅರ್ಧವಾಗುವಾಗ ಬೆಟ್ಟದ ಕಡೆಯಿಂದ ಒಂದು ಜಡಿಮಳೆ ಬಂದು ಹೋಯಿತು. ನೆನೆದುಕೊಂಡು ಇಳಿಯಲು ಹೊರಟೆ. ಅವಸರಕ್ಕೆ ದೊಡ್ಡ ಗೇರಿನಲ್ಲೇ ಇದ್ದೆ. ಒದ್ದೆ ಹುಲ್ಲಿನ ಮೇಲೆ ಅದು ಓಟ ಹಿಡಿಯಿತು. ಮೂವತ್ತು ವರ್ಷ ನನ್ನ ಮೈ ಕಲಿತದ್ದು ಒಂದೇ ಉತ್ತರ: ಬ್ರೇಕ್. ಕ್ಲಚ್ಚನ್ನೂ ಬ್ರೇಕನ್ನೂ ಒಟ್ಟಿಗೆ ಮೆಟ್ಟಿದೆ. ಹಿಂದಿನ ಚಕ್ರಗಳು ಬಿಗಿದು ನಿಂತವು, ಟ್ರ್ಯಾಕ್ಟರ್ ನಿಲ್ಲಲಿಲ್ಲ. ಸಾಬೂನು ಜಾರಿದ ಹಾಗೆ ಅಡ್ಡಡ್ಡವಾಗಿ ಜಾರುತ್ತ ಹೋಯಿತು. ನಾನು ಮೇಲಿನ ಬದಿಗೆ ಹಾರಿದೆ. ಎಡಗಾಲು ಕಲ್ಲಿನ ಸಂದಿಗೆ ಬಿತ್ತು. ಮುರಿದ ಸದ್ದು ನನಗೇ ಕೇಳಿಸಿತು. ಟ್ರ್ಯಾಕ್ಟರ್ ಹೋಗಿ ಸಾಗುವಾನಿ ಮರಕ್ಕೆ ತಾಗಿ, ಅದೃಷ್ಟಕ್ಕೆ ಮಗುಚದೆ ನಿಂತಿತು.

ವಾರಿಜ ಓಡಿ ಬಂದಳು. ಕಾಲು ನೋಡಿದಳು. ರಸ್ತೆ ಅರ್ಧ ಮೈಲು ಕೆಳಗೆ, ರಿಕ್ಷಾ ಮೇಲೆ ಬರುವ ಹಾಗಿಲ್ಲ, ಹೊಸ ವಾಚ್‌ಮನ್ ಊರಿಗೆ ಹೋಗಿದ್ದ. ಅವಳು ಟ್ರ್ಯಾಕ್ಟರಿನ ಸುತ್ತ ಒಮ್ಮೆ ಬಂದಳು, ಬಗ್ಗಿ ಚಕ್ರಗಳನ್ನು ನೋಡಿದಳು.

"ಬೇಡ ವಾರಿಜ, ಜಾರುತ್ತದೆ. ಮುಟ್ಟಬೇಡ," ಅಂದೆ.

"ನೀವು ಸ್ವಲ್ಪ ಸುಮ್ಮನಿರಿ," ಅಂದಳು.

ಸೆರಗು ಸಿಕ್ಕಿಸಿ ಹತ್ತಿ ಕೂತಳು. ಇಂಜಿನ್ ಹಿಡಿಯಿತು. ಮರದಿಂದ ಹಿಂದೆ ತೆಗೆದು, ಮೂತಿಯನ್ನು ನೇರ ಕೆಳಗೆ ಮಾಡಿ, ಎಲ್ಲಕ್ಕಿಂತ ಸಣ್ಣ ಗೇರಿಗೆ ಹಾಕಿ ನಿಲ್ಲಿಸಿದಳು. ಆಮೇಲೆ ಇಳಿದು ಬಂದು, ನನ್ನನ್ನು ಎಳೆದು ಎಬ್ಬಿಸಿ, ಮಡ್‌ಗಾರ್ಡಿನ ಮೇಲೆ ಕೂರಿಸಿದಳು. ಇಳಿಯುತ್ತ ಹೋದ ಹಾಗೆ ಅವಳ ತುಟಿ ಅಲ್ಲಾಡುತ್ತಿತ್ತು. ದೇವರ ನಾಮ ಇರಬೇಕು ಅಂದುಕೊಂಡೆ. ಕಿವಿಗೊಟ್ಟು ಕೇಳಿದೆ.

"ಕಾಲ ತಗೀರಿ, ಕಾಲ ತಗೀರಿ. ಬ್ರೇಕ್ ನೆನಪೇ ಮಾಡ್ಕೋಬ್ಯಾಡ್ರಿ. ಇಂಜಿನ್ನೇ ಹಿಡೀತದ."

ಅವನದೇ ಮಾತು, ಅವನದೇ ಧಾಟಿ. ಕಾಲಿನ ನೋವು ಪ್ರಾಣ ಹೋಗುವಷ್ಟಿತ್ತು. ಆದರೂ ಸತ್ಯ ಹೇಳುತ್ತೇನೆ, ಆ ಹೊತ್ತಿನಲ್ಲಿ, ನನ್ನ ಜೀವ ಉಳಿಸುತ್ತಿದ್ದ ಆ ಮಾತಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಡೊಂಬಿವಲಿಯ ಮನೆಯಲ್ಲಿ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದಾಗ ಒಂದು ಮಧ್ಯಾಹ್ನ ಅವಳಿಗೆ ಫೋನಿನ ವಿಷಯ ಹೇಳಿದೆ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಕೊನೆಯ ಬಟ್ಟೆಯವರೆಗೂ ಮಡಚಿದಳು.

"ನನಗೆ ಹೇಳಿ ಎಂತ ಪ್ರಯೋಜನ? ಅವರಿಗೆ ಹೋಗಿ ಹೇಳಿ," ಅಂದಳು. ಮತ್ತೆ ಎಷ್ಟೋ ಹೊತ್ತಿನ ಮೇಲೆ ಅಡಿಗೆಮನೆಯಿಂದಲೇ, "ನನ್ನ ಹತ್ತಿರ ಕೇಳಿದ್ದರೆ ನಿಮಗೂ ಕಲಿಸುತ್ತಿದ್ದೆ" ಅಂದಳು.

ನವರಾತ್ರಿ ಮುಗಿದ ಮೇಲೆ ಶರಣಪ್ಪ ಹಳೆಯ ಕೆಲಸಕ್ಕೇ ಮರಳಿರಬಹುದೆಂದು ಕೋಲು ಹಿಡಿದು ವಾಶಿಗೆ ಹೋದೆ. ಈರುಳ್ಳಿ ಮಾರ್ಕೆಟ್ಟಿನಲ್ಲಿ ಕಲಬುರಗಿಯವರನ್ನು ಕೇಳುತ್ತ ಕೇಳುತ್ತ ಹೋದರೆ ಒಂದು ಮಳಿಗೆಯ ಮುಂದೆ ಅವನು ಸಿಕ್ಕಿದ. ಸೊಂಟಕ್ಕೆ ಅಗಲದ ಪಟ್ಟಿ ಬಿಗಿದು ಲಾರಿಯಿಂದ ಮೂಟೆ ಇಳಿಸುತ್ತಿದ್ದ. ನನ್ನನ್ನು ನೋಡಿ ಮೂಟೆ ಕೆಳಗಿಟ್ಟ.

"ಕಾಲಿಗೇನಾತ್ರಿ ಸಾಹೇಬ್ರ?"

ಹೇಳಿದೆ. ಜಾರಿದ್ದು, ಮುರಿದದ್ದು, ವಾರಿಜ ಇಳಿಸಿದ್ದು. "ಅಕ್ಕೋರು ಇಳಿಸಿದ್ರಾ?" ಎಂದು ಎರಡು ಸಲ ಕೇಳಿದ. ಆಮೇಲೆ, "ಶೇಠ್‌ಗೆ ಫೋನ್ ಮಾಡಿದ್ದು ನಾನು" ಅಂದೆ.

"ಗೊತ್ತದ್ರಿ. ಶೇಠನೇ ಹೇಳ್ಯಾನ."

"ನನ್ನದು ತಪ್ಪಾಯಿತು ಶರಣಪ್ಪ. ನಿಮ್ಮನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ಬೇರೆ ಏನೂ ಕಾರಣ ಇಲ್ಲ."

ಅವನು ಮೂಟೆಯ ಮೇಲೆ ಕೂತ. ಮುಖದಲ್ಲಿ ಸಿಟ್ಟು ಇರಲಿಲ್ಲ ಅನ್ನಲಾರೆ. ಟವೆಲಿನಿಂದ ಕತ್ತು ಒರೆಸಿಕೊಂಡ.

"ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸೀನ್ರಿ ನಾ. ಒಂದೂ ನಂದಲ್ಲ. ಮಂದಿ ಯಾವ್ದು ಕೊಟ್ರ ಅದು. ನೀವು ಆ ಕಾಗದ ಹಿಡ್ಕೊಂಡು ಹದಿನೆಂಟೋ ಇಪ್ಪತ್ನಾಕೋ ಅಂತ ಒಂದ್ ತಿಂಗಳ ಕುಂತ್ರಿ ನೋಡ್ರಿ, ಬೇಲಿ ಆಚೆ ನಿಂತು ನನಗ ಮೈಯೆಲ್ಲ ಉರೀತಿತ್ರಿ. ಇಂವಗ ಆರಿಸಲಿಕ್ಕ ಎಷ್ಟ್ ಸುಖ ಅದಪ್ಪಾ ಅಂತ. ಅದಕ್ಕೇ ಪಟ್ಟನೆ ಅಕ್ಕೋರಿಗೆ ಹೇಳಿಬಿಟ್ಟೆ. ನಿಮ್ಮ ಸುಖ ಮುಗೀಲಿ ಅಂತ."

ಈರುಳ್ಳಿಯ ಘಾಟಿಗೆ ಕಣ್ಣು ಉರಿಯುತ್ತಿತ್ತು. ಗುಡ್ಡಕ್ಕೆ ಬಂದು ನಮ್ಮ ಜಾಗ ನೋಡಿಕೊಳ್ಳಿ ಎಂದು ಕೇಳಿದೆ. ಅವನು ತಲೆ ಅಲ್ಲಾಡಿಸಿದ.

"ಇನ್ನ ಯಾರ ಜಾಗಕ್ಕೂ ಕಾವಲು ಬ್ಯಾಡ್ರಿ. ಉಳುಮಿಗೆ ಕರೀರಿ, ಬರ್ತೀನಿ. ಆದ್ರ ಆ ಸಣ್ಣದರ ಮ್ಯಾಲ ಕೂಡೂದಿಲ್ಲ."

"ಅದನ್ನು ಕೊಟ್ಟು ಬೇರೆ ತೆಗೆದುಕೊಳ್ಳುವುದು ಅಂತಲೇ ಇದ್ದೇನೆ. ನೀವೇ ಬಂದು ಆರಿಸಿ."

ಮುಂದಿನ ಭಾನುವಾರ, ಮಾರ್ಕೆಟ್ಟಿನ ರಜೆಯ ದಿನ, ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಲ್ಯಾಣದ ಸ್ಟೇಷನ್ನಿಗೆ ಬಂದ. ವಾರಿಜಳೂ ಬಂದಿದ್ದಳು. ಅಂಗಡಿಯಲ್ಲಿ ನಾಲ್ಕೂ ಚಕ್ರ ಎಳೆಯುವ ನಾಲ್ಕು ಮಾದರಿಗಳು ಸಾಲಾಗಿ ನಿಂತಿದ್ದವು. ಅಂಗಡಿಯವನು ಕೋಲು ಹಿಡಿದ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬಿಳಿ ಅಂಗಿಯವನ ಹಿಂದೆ ಹೋದ. "ಶೇಠ್, ಹೇ ಬಘಾ" ಎಂದು, ಇದನ್ನು ನೋಡಿ ಅಂತ ಮರಾಠಿಯಲ್ಲಿ ಅವನಿಗೇ ತೋರಿಸಿದ, ಚಾ ಕೂಡ ಅವನಿಗೇ ಮೊದಲು ಕೊಟ್ಟ. ಒಳಗೆ ಸಣ್ಣಗೆ ಚುರ್ರೆಂದಿತು. ಅದು ಪೂರ್ತಿ ಬಿಟ್ಟು ಹೋಗುವ ಜಾತಿಯದಲ್ಲವೆಂದು ಅಲ್ಲಿ ಕೂತೇ ತಿಳಿದೆ.

ಶರಣಪ್ಪ ಒಂದೊಂದರ ಮೇಲೂ ಹತ್ತಿ ಕೂತ. ಇಳಿದು ಬಗ್ಗಿ ಅಡಿ ನೋಡಿದ, ಗೇಣಿನಿಂದ ಚಕ್ರದ ನಡುವಿನ ಅಗಲ ಅಳೆದ. ಮೊದಲನೆಯದರ ಹತ್ತಿರ ಮತ್ತೆ ಬಂದ, ಮೂರನೆಯದಕ್ಕೆ ಹೋದ, ವಾರಿಜಳನ್ನು ಕೂರಿಸಿ ಅವಳ ಕಾಲಿಗೆ ಪೆಡಲ್ ಸಿಗುತ್ತದೋ ಎಂದು ನೋಡಿದ. ಎರಡು ಗಂಟೆಯಾಯಿತು. ಅಂಗಡಿಯವನು ಗಡಿಯಾರ ನೋಡತೊಡಗಿದ. ಕೊನೆಗೆ ಶರಣಪ್ಪ ನನ್ನ ಕುರ್ಚಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ಸಾಹೇಬ್ರ, ಇವತ್ತ ಹೇಳಲಿಕ್ಕೇ ಬೇಕೇನ್ರಿ? ಮುಂದಿನ ಐತವಾರ ಇನ್ನೊಮ್ಮಿ ಬಂದು ನೋಡೂಣು."

"ಬರೋಣ," ಅಂದೆ. "ಅವಸರ ಏನೂ ಇಲ್ಲ."